ಮಾಫಿ ಯಾರ ಬಳಿ ಕೇಳಬೇಕು?



ಶಬೇ ಬರಾಅತ್ ಹತ್ತಿರವಾದಂತೆ ನಮ್ಮ ಮೊಬೈಲುಗಳಿಗೆ ಒಂದೇ ಬಗೆಯ ಸಂದೇಶ ಬರತೊಡಗುತ್ತದೆ: ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು. ಇನ್ನೂರು ಜನರಿಗೆ ಒಂದೇ ಸಲ ಅದು ಹೋಗುತ್ತದೆ. ಆದರೆ ಮಾತು ಬಿಟ್ಟ ಅಣ್ಣನ ಹೆಸರು ಆ ಪಟ್ಟಿಯಲ್ಲಿ ಹೆಚ್ಚಾಗಿ ಇರುವುದಿಲ್ಲ.

ಇದು ನಮ್ಮದೊಂದೇ ಸಮಸ್ಯೆಯಲ್ಲ. ಯಹೂದಿಗಳಿಗೆ ಯೋಮ್ ಕಿಪ್ಪುರ್ ಎಂಬ ಪಶ್ಚಾತ್ತಾಪದ ಉಪವಾಸದ ದಿನವಿದೆ. ಅದಕ್ಕೆ ಮುಂಚೆ ಎಲ್ಲರಿಗೂ ಒಂದೇ ಸಂದೇಶ ಕಳುಹಿಸಿದರೆ ಮಾಫಿ ಕೇಳಿದಂತಾಗುತ್ತದೆಯೇ ಎಂದು ಅವರ ಧರ್ಮಗುರುಗಳಾದ ರಬ್ಬಿಗಳೂ ಇಂದು ಚರ್ಚಿಸುತ್ತಾರೆ. ಆ ಚರ್ಚೆಯ ಬೇರು ಹಳೆಯದು. ಅದರ ಒಂದು ಎಳೆ ನಮ್ಮ ಮಂಗಳೂರಿಗೂ ತಾಗುತ್ತದೆ.

ಈಗಿನ ಟ್ಯುನೀಷಿಯಾದ ಮಹ್ದಿಯ್ಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದರು. 1149ರಲ್ಲಿ ಏಡನ್‌ಗೆ ಮರಳುವವರೆಗೆ ಅವರ ಬದುಕು ಹೆಚ್ಚಾಗಿ ಈ ಕರಾವಳಿಯಲ್ಲೇ ಸಾಗಿತು. ಮೆಣಸು, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದರು, ಪಾತ್ರೆ ಮಾಡುವ ಕಾರ್ಖಾನೆಯನ್ನೂ ನಡೆಸುತ್ತಿದ್ದರು. ಅವರ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ನಾವು ಹಳೆಯ ಮುಸ್‌ಹಫ್‌ನ ಹಾಳೆಗಳನ್ನು ಎಸೆಯುವುದಿಲ್ಲ. ಹಾಗೆಯೇ ದೇವರ ಹೆಸರಿರುವ ಕಾಗದ ಎಸೆಯಬಾರದೆಂದು ಈಜಿಪ್ಟಿನ ಫುಸ್ತಾತ್ ನಗರದ ಯಹೂದಿ ಆರಾಧನಾಲಯದಲ್ಲಿ ಅವುಗಳನ್ನು ಕೂಡಿಟ್ಟರು. ಬೆನ್ ಯಿಜು ಧರ್ಮಶಾಸ್ತ್ರ ಬಲ್ಲವರು. ಆದರೂ ಅವರ ಪತ್ರವ್ಯವಹಾರದಲ್ಲಿ ತುಂಬಿರುವುದು ಬಾಕಿ ಲೆಕ್ಕ. ಮುಂಗಡ ಪಡೆದವನೊಬ್ಬ ಏಲಕ್ಕಿ ಕೊಡದೆ ಸತಾಯಿಸಿದ್ದೂ ಅದರಲ್ಲಿದೆ. ಧರ್ಮದ ಪರೀಕ್ಷೆ ಅಂದೂ ನಡೆಯುತ್ತಿದ್ದದ್ದು ಅಂಗಡಿಯಲ್ಲೇ.

ಅದೇ ಫುಸ್ತಾತ್‌ನಲ್ಲಿ ಮುಂದಿನ ತಲೆಮಾರಿನಲ್ಲಿ ಮೂಸಾ ಇಬ್ನ್ ಮೈಮೂನ್ (1138–1204) ಬಾಳಿದರು. ಯಹೂದಿ ಧರ್ಮಶಾಸ್ತ್ರದ ಮಹಾ ವಿದ್ವಾಂಸರು, ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಕಾಲದ ಆಸ್ಥಾನ ಹಕೀಮರು. ಅವರ ತಮ್ಮ ದಾವೂದ್ ವ್ಯಾಪಾರಕ್ಕೆಂದು ಹಿಂದೂಸ್ಥಾನದ ಕಡೆ ಹೊರಟು ಸಮುದ್ರದಲ್ಲಿ ಮುಳುಗಿದರು. ಮನೆಯ ಹಣದ ಜೊತೆ ಬೇರೆಯವರ ಹಣವೂ ಮುಳುಗಿತು. ಆ ದುಃಖಕ್ಕೆ ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು.

ತೌಬಾದ ಬಗ್ಗೆ ಅವರು ಬರೆದಿಟ್ಟ ನಿಯಮ ಖಚಿತವಾಗಿದೆ. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ ಉಪವಾಸ, ಪ್ರಾರ್ಥನೆಗಳಷ್ಟೇ ಸಾಲವು. ಕೊಡಬೇಕಾದುದನ್ನು ಕೊಟ್ಟು ಅವನನ್ನು ಸಮಾಧಾನಪಡಿಸಬೇಕು. ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ ಕೇಳಬೇಕು, ಹೀಗೆ ಮೂರು ಸಲ. ಅವನು ತೀರಿಹೋಗಿದ್ದರೆ ಹತ್ತು ಜನರೊಂದಿಗೆ ಕಬರಿನ ಬಳಿ ನಿಂತು ತಪ್ಪೊಪ್ಪಿಕೊಂಡು, ಹಣವನ್ನು ವಾರಸುದಾರರಿಗೆ ಸಲ್ಲಿಸಬೇಕು.

ಅವರಿಗಿಂತ ಮೊದಲೇ ಸ್ಪೇನಿನಲ್ಲಿ ಬಹ್ಯಾ ಇಬ್ನ್ ಪಾಕೂದಾ ಎಂಬ ಯಹೂದಿ ವಿದ್ವಾಂಸರು ಹೃದಯದ ಕರ್ತವ್ಯಗಳ ಕುರಿತು ಅರಬಿಯಲ್ಲಿ ಗ್ರಂಥ ಬರೆದಿದ್ದರು. ಅದರ ಅಧ್ಯಾಯಗಳ ವಿಷಯ ತೌಹೀದ್, ತವಕ್ಕುಲ್, ಇಖ್ಲಾಸ್, ತೌಬಾ, ಮುಹಾಸಬಾ. ನಮ್ಮ ಮದ್ರಸಾಗಳಲ್ಲಿ ಕಲಿಸುವ ಪದಗಳೇ ಇವು! ಮನಸ್ಸಿನ ಲೆಕ್ಕ ನೋಡಿಕೊಳ್ಳುವ ಮೂವತ್ತು ಬಗೆಗಳನ್ನು ಅವರು ಅಲ್ಲಿ ಹೇಳಿದ್ದಾರೆ. 1808ರಲ್ಲಿ ಪೂರ್ವ ಯುರೋಪಿನ ಮೆನಾಹೆಮ್ ಮೆಂಡೆಲ್ ಲೆಫಿನ್ ಮನಸ್ಸಿನ ಲೆಕ್ಕ ನೋಡಿಕೊಳ್ಳುವ ಒಂದು ಕ್ರಮವನ್ನು ಮುಂದಿಟ್ಟರು. ಹದಿಮೂರು ಗುಣಗಳು, ವಾರಕ್ಕೊಂದು, ಪ್ರತಿ ರಾತ್ರಿ ಲೋಪಗಳನ್ನು ಗುರುತು ಹಾಕಿಕೊಳ್ಳುವುದು. ವರ್ಷಕ್ಕೆ ನಾಲ್ಕು ಸುತ್ತು.

ಫಲಸ್ತೀನಿನ ಸುದ್ದಿ ಕೇಳಿ ನೊಂದಿರುವ ಈ ಹೊತ್ತಿನಲ್ಲಿ ಯಹೂದಿಗಳ ಮಾತೇಕೆ ಎಂದು ಕೆಲವರು ಕೇಳಬಹುದು. ಒಂದು ಸರಕಾರ ಮಾಡುವ ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು. ಆದರೆ ಅದಕ್ಕಾಗಿ ಒಂದು ಧರ್ಮದವರನ್ನೆಲ್ಲ ದ್ವೇಷಿಸಲು ಅನುಮತಿಯಿಲ್ಲ. ಪ್ರವಾದಿ(ಸ) ಜನಾಝಾವೊಂದು ಹಾದುಹೋದಾಗ ಎದ್ದು ನಿಂತರು. ಅದು ಯಹೂದಿಯದ್ದೆಂದು ತಿಳಿಸಿದಾಗಲೂ ಅದನ್ನೊಂದು ಮನುಷ್ಯಜೀವವೆಂದೇ ಎಣಿಸಿದರು. ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯಲ್ಲೂ ಯಹೂದಿಗಳ ಹಳೆಯ ಕಬರಸ್ತಾನವೊಂದಿದೆ.

ನಮ್ಮ ದೀನ್ ಈ ವಿಷಯದಲ್ಲಿ ಸಡಿಲವೇನಲ್ಲ. ನಮಾಝ್, ರೋಝಾ, ಝಕಾತ್‌ಗಳೊಂದಿಗೆ ಬಂದರೂ ಜನರ ಹಕ್ಕು ತಿಂದ ಕಾರಣ ಎಲ್ಲ ಪುಣ್ಯವನ್ನೂ ಅವರಿಗೆ ಕೊಟ್ಟು ಬರಿಗೈಯಾಗುವವನೇ ನಿಜವಾದ ದಿವಾಳಿಕೋರನೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಇನ್ನು ನಮ್ಮ ಜಯನಗರ, ಬಿಟಿಎಂ, ಬನಶಂಕರಿಯ ಮನೆಗಳನ್ನೇ ನೋಡೋಣ. ಬಾಡಿಗೆದಾರ ಮನೆ ಖಾಲಿ ಮಾಡಿದಾಗ ಬಣ್ಣದ ಖರ್ಚೆಂದು ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡ ಹೆಚ್ಚುವರಿ ಹಣ, ಅಬ್ಬಾ ತೀರಿಕೊಂಡ ಮೇಲೆ ಅಕ್ಕತಂಗಿಯರಿಗೆ ಕೊಡದ ಪಾಲು, ಮನೆಗೆಲಸದವಳ ಬಾಕಿ ಸಂಬಳ. ಇವು ಸಂದೇಶ ಕಳುಹಿಸಿದರೆ ತೀರುವ ಸಾಲಗಳಲ್ಲ. ತಂಗಿಯ ಪಾಲು ಉಳಿಸಿಕೊಂಡವರು ಈ ವಾರ ಅವಳ ಮನೆಗೆ ಹೋಗಲಿ, ಕಾಗದಪತ್ರ ಕೈಯಲ್ಲಿರಲಿ. ಮೊದಲ ಸಲ ಅವಳು ಬಾಗಿಲು ತೆರೆಯದಿದ್ದರೆ ಮತ್ತೊಮ್ಮೆ ಹೋಗಲಿ.

ಜನರ ಹಕ್ಕನ್ನು ಇಲ್ಲೇ ತೀರಿಸಿ ಹೋಗುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.