ಸಭಿಕರ ನಡುವೆ ಕುಳಿತ ಕೈ: ನೇರಪ್ರಸಾರದ ದೂರನಿಯಂತ್ರಣ ಬೆಳೆದು ಬಂದ ಬಗೆ

ರಾಜ್ಯೋತ್ಸವವಿರಲಿ, ದಾಸರ ಪದಗಳ ಸಂಜೆಯಿರಲಿ, ನಮ್ಮ ಕಾರ್ಯಕ್ರಮಗಳು ಈಗ ಸಭಾಂಗಣದ ನಾಲ್ಕು ಗೋಡೆಗಳೊಳಗೆ ಮುಗಿಯುವುದಿಲ್ಲ. ದೂರದ ಕ್ಯಾಂಪಿನಲ್ಲಿರುವ ಗೆಳೆಯರು, ಊರಿನಲ್ಲಿರುವ ತಂದೆತಾಯಿ ಫೋನಿನಲ್ಲೇ ನೋಡುತ್ತಾರೆ. ಆದರೆ ಆ ಪ್ರಸಾರ ಕಳಿಸುವ ಸ್ವಯಂಸೇವಕ ಮೂಲೆಯ ಲ್ಯಾಪ್‌ಟಾಪಿಗೆ ಅಂಟಿಕೊಂಡಿರುತ್ತಾನೆ. ಎಲ್ಲರೊಡನೆ ಕೂರುವುದಿಲ್ಲ, ಎಲ್ಲರ ಪಂಕ್ತಿಯಲ್ಲಿ ಉಣ್ಣುವುದಿಲ್ಲ. ಹಾಗೆಯೇ ಇರಬೇಕೆಂದೇನಿಲ್ಲ. ಯಂತ್ರ ಒಂದು ಕಡೆ, ಅದನ್ನು ನಡೆಸುವ ಕೈ ಇನ್ನೊಂದು ಕಡೆ ಇರುವುದಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ.

1972ರ ಡಿಸೆಂಬರ್ 14ರಂದು ಅಪೊಲೊ 17ರ ಇಬ್ಬರು ಯಾತ್ರಿಗಳು ಚಂದ್ರನಿಂದ ಮೇಲೆದ್ದಾಗ ಅಲ್ಲಿ ಕ್ಯಾಮೆರಾ ಹಿಡಿಯಲು ಯಾರೂ ಉಳಿದಿರಲಿಲ್ಲ. ರೋವರ್ ವಾಹನದ ಮೇಲಿದ್ದ ಕ್ಯಾಮೆರಾವನ್ನು ಹ್ಯೂಸ್ಟನ್‌ನಲ್ಲಿ ಕುಳಿತ ಎಡ್ ಫೆಂಡೆಲ್ ಮೇಲಕ್ಕೆ ತಿರುಗಿಸಿದರು. ಆಜ್ಞೆ ಚಂದ್ರನನ್ನು ಮುಟ್ಟಲು ಸುಮಾರು 1.3 ಸೆಕೆಂಡು ಬೇಕು. ಚಿತ್ರ ಕಂಡ ಮೇಲೆ ಗುಂಡಿ ಒತ್ತಿದರೆ ತಡವಾಯಿತೆಂದೇ ಲೆಕ್ಕ. ಆದ್ದರಿಂದ ಅವರು ಮೊದಲೇ ಎಣಿಸಿ ಆಜ್ಞೆ ಕಳಿಸಿದರು. ಅಪೊಲೊ 15 ಮತ್ತು 16ರಲ್ಲಿ ಕೈಗೂಡದ ಯತ್ನ ಈ ಸಲ ಫಲಿಸಿತು.

ಇಂಥ ಕೆಲಸ ನಮ್ಮ ನಾಡಿಗೂ ಬಂತು. 36,000 ಕಿಲೋಮೀಟರ್ ಎತ್ತರದ ಇನ್‌ಸ್ಯಾಟ್ ಉಪಗ್ರಹಗಳಿಗೆ ಆಜ್ಞೆ ಕಳಿಸುವ ಇಸ್ರೋ ಕೇಂದ್ರ 1982ರಿಂದ ಹಾಸನದಲ್ಲಿದೆ. ನಾವು ಮನೆಯಲ್ಲಿ ದೂರದರ್ಶನ ನೋಡುತ್ತಿದ್ದಾಗ ಅದನ್ನು ಹೊತ್ತು ತಂದ ಉಪಗ್ರಹದ ಲಗಾಮು ಹಾಸನದವರ ಕೈಯಲ್ಲಿತ್ತು.

ಅಂದು ಇದಕ್ಕೆ ಸರ್ಕಾರವೇ ಬೇಕಿತ್ತು. 2012ರಲ್ಲಿ ಹ್ಯೂ ಬೈಲಿ ಆರಂಭಿಸಿದ ಓಬಿಎಸ್ ತಂತ್ರಾಂಶ ಪ್ರಸಾರವನ್ನೂ ವಿಡಿಯೊ ರೆಕಾರ್ಡಿಂಗನ್ನೂ ಉಚಿತವಾಗಿ ಎಲ್ಲರ ಕಂಪ್ಯೂಟರಿಗೆ ತಂದಿತು. ಅದರ ಹಿಂದಿನ ವರ್ಷವೇ, 2011ರ ಡಿಸೆಂಬರಿನಲ್ಲಿ, ವೆಬ್‌ಸಾಕೆಟ್ ಎಂಬ ಸಂಪರ್ಕ ವಿಧಾನ ಅಂತರ್ಜಾಲದ ಮಾನದಂಡವಾಗಿತ್ತು. ಪತ್ರ ಬರೆದು ಉತ್ತರಕ್ಕೆ ಕಾಯುವುದಕ್ಕೂ ಫೋನ್ ಕರೆ ಕಡಿಯದೆ ಮಾತಾಡುವುದಕ್ಕೂ ಇರುವ ವ್ಯತ್ಯಾಸವೇ ಇದರ ಹೆಚ್ಚುಗಾರಿಕೆ. 2016ರಲ್ಲಿ ಸ್ಟೀಫನ್ ಲೆಪಿನ್ ಇವೆರಡನ್ನೂ ಬೆಸೆಯುವ ಪ್ಲಗಿನ್ ಬರೆದರು. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಅದು ಓಬಿಎಸ್‌ನೊಳಗೇ ಸೇರಿಕೊಂಡಿದೆ.

ಹೀಗಾಗಿ ವೇದಿಕೆಯ ಪಕ್ಕದ ಲ್ಯಾಪ್‌ಟಾಪನ್ನು ಮೂರನೇ ಸಾಲಿನಲ್ಲಿ ಕುಳಿತ ಫೋನ್ ನಡೆಸಬಲ್ಲದು. ದೃಶ್ಯ ಬದಲಿಸು, ಮೈಕ್ ಮುಚ್ಚು, ರೆಕಾರ್ಡಿಂಗ್ ಆರಂಭಿಸು ಎಂಬ ಆಜ್ಞೆಗಳು ಕೆಲವೇ ಸಾಲುಗಳ ಅಕ್ಷರಗಳು. ವಿಡಿಯೊ ಫೋನಿಗೆ ಬರಬೇಕಾಗಿಯೇ ಇಲ್ಲ.

ಆದರೆ ಲಗಾಮು ಯಾರ ಕೈಯಲ್ಲಿ ಎಂಬ ಪ್ರಶ್ನೆ ಇಲ್ಲಿಯೂ ಇದೆ. ಪಾಸ್‌ವರ್ಡ್ ಸಿಕ್ಕವರು ಇಡೀ ಸಭೆಯ ಮಾತನ್ನೇ ನಿಲ್ಲಿಸಬಲ್ಲರು. ಪಾಸ್‌ವರ್ಡ್ ನೇರವಾಗಿ ತಂತಿಯ ಮೇಲೆ ಸಾಗುವುದಿಲ್ಲವಾದರೂ ಆಜ್ಞೆಗಳು ಗುಪ್ತಲಿಪಿಯಿಲ್ಲದೆ ಸಾಗುತ್ತವೆ. ಆದ್ದರಿಂದ ಸಭಾಂಗಣದ ಸಾರ್ವಜನಿಕ ವೈಫೈ ಬೇಡ. ನಮ್ಮದೇ ಪುಟ್ಟ ರೌಟರ್ ಇರಲಿ, ಓಬಿಎಸ್ ಬಳಸುವ 4455ನೇ ಪೋರ್ಟ್ ಹೊರಗಿನ ಅಂತರ್ಜಾಲಕ್ಕೆ ತೆರೆಯದಿರಲಿ. ಪಾಸ್‌ವರ್ಡ್ ಇಬ್ಬರಿಗೆ ಮಾತ್ರ ತಿಳಿದಿರಲಿ: ಒಬ್ಬರು ಉಣ್ಣಲು ಕುಳಿತಾಗ ಇನ್ನೊಬ್ಬರು ನೋಡಿಕೊಳ್ಳಬಹುದು.