ಕಾಮಿಡಿ ಕಿಲಾಡಿಗಳು (ಸೀಸನ್ 3)

ಕಾಮಿಡಿ ಕಿಲಾಡಿಗಳು ಸೀಸನ್ 3, ಜೀ ಕನ್ನಡ ವಾಹಿನಿಯಲ್ಲಿ ಪ್ರಸಾರವಾದ ಹಾಸ್ಯ ರಿಯಾಲಿಟಿ ಕಾರ್ಯಕ್ರಮದ ಮೂರನೆಯ ಆವೃತ್ತಿ. ಮೂಲ ಕಾರ್ಯಕ್ರಮವು 2016ರಲ್ಲಿ ಆರಂಭವಾಯಿತು. ಮೂರನೆಯ ಆವೃತ್ತಿಯು 2020ರಲ್ಲಿ ಮುಕ್ತಾಯಗೊಂಡಿದ್ದು, ಉಡುಪಿಯ ರಾಕೇಶ್ ಪೂಜಾರಿ ವಿಜೇತರಾದರು.

ಸ್ವರೂಪ

ಸ್ಪರ್ಧಿಗಳು ವೇದಿಕೆಯ ಮೇಲೆ ಕಿರುಪ್ರಹಸನಗಳನ್ನು ಅಭಿನಯಿಸುವುದು ಕಾರ್ಯಕ್ರಮದ ಮುಖ್ಯ ಅಂಗ. ನಟ ಜಗ್ಗೇಶ್, ನಿರ್ದೇಶಕ ಯೋಗರಾಜ್ ಭಟ್ ಹಾಗೂ ನಟಿ ರಕ್ಷಿತಾ ತೀರ್ಪುಗಾರರಾಗಿದ್ದರು. ಮಾಸ್ಟರ್ ಆನಂದ್ ನಿರೂಪಕರಾಗಿದ್ದರು. ಹವ್ಯಾಸಿ ಹಾಗೂ ಗ್ರಾಮೀಣ ರಂಗಭೂಮಿಯ ಕಲಾವಿದರಿಗೆ ಈ ಕಾರ್ಯಕ್ರಮವು ಚಿತ್ರರಂಗದ ದಾರಿ ತೆರೆಯಿತು. ಮೊದಲ ಆವೃತ್ತಿಯ ವಿಜೇತ ಶಿವರಾಜ್ ಕೆ. ಆರ್. ಪೇಟೆ ಮುಂದೆ ಹಲವು ಕನ್ನಡ ಚಲನಚಿತ್ರಗಳಲ್ಲಿ ಹಾಸ್ಯನಟರಾದರು.

ವಿಜೇತ

ರಾಕೇಶ್ ಪೂಜಾರಿ ಉಡುಪಿಯ ಚೈತನ್ಯ ಕಲಾವಿದರು ನಾಟಕ ತಂಡದಲ್ಲಿ ಅಭಿನಯಿಸುತ್ತಿದ್ದರು. 2014ರಲ್ಲಿ ತುಳು ಭಾಷೆಯ 'ಕಡಲೆ ಬಜಿಲ್' ಹಾಸ್ಯ ಕಾರ್ಯಕ್ರಮದ ಮೂಲಕ ಕಿರುತೆರೆಗೆ ಬಂದರು. ಕಾಮಿಡಿ ಕಿಲಾಡಿಗಳು ಎರಡನೆಯ ಆವೃತ್ತಿಯಲ್ಲಿ ಅವರಿದ್ದ ತಂಡವು ರನ್ನರ್ ಅಪ್ ಆಗಿತ್ತು. ಮೂರನೆಯ ಆವೃತ್ತಿಗೆ ಮರಳಿ ಬಂದು ಪ್ರಶಸ್ತಿ ಗೆದ್ದರು.

ನಂತರದ ಬೆಳವಣಿಗೆಗಳು

ಗೆಲುವಿನ ನಂತರ ರಾಕೇಶ್ ಕನ್ನಡ ಮತ್ತು ತುಳು ಚಿತ್ರರಂಗಗಳೆರಡರಲ್ಲೂ ಕೆಲಸ ಮಾಡಿದರು. 2025ರ ಮೇ 12ರ ನಸುಕಿನಲ್ಲಿ, ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಮೆಹೆಂದಿ ಸಮಾರಂಭವೊಂದರಲ್ಲಿ ಭಾಗವಹಿಸಿದ್ದಾಗ ಹೃದಯಾಘಾತದಿಂದ ನಿಧನರಾದರು. ರಿಷಬ್ ಶೆಟ್ಟಿ ನಿರ್ದೇಶನದ 'ಕಾಂತಾರ: ಅಧ್ಯಾಯ 1' ಚಿತ್ರದಲ್ಲಿ ಅವರು ಅಭಿನಯಿಸಿದ್ದರು. ಆ ಚಿತ್ರವು ಅದೇ ವರ್ಷದ ಅಕ್ಟೋಬರ್ 2ರಂದು, ಅವರ ಮರಣಾನಂತರ ಬಿಡುಗಡೆಯಾಯಿತು.