ನಿದ್ರೆಯ ನರವಿಜ್ಞಾನ: ಒಂದು ಶತಮಾನದ ಬೆಳವಣಿಗೆ

ಇಂದ್ರಿಯಗಳಿಂದ ಬರುವ ಸಂವೇದನೆಗಳು ಕುಗ್ಗಿದಾಗ ಮಿದುಳು ತಾನಾಗಿ ನಿದ್ರೆಗೆ ಜಾರುತ್ತದೆಯೇ, ಅಥವಾ ನಿದ್ರೆಯನ್ನು ಬರಮಾಡುವ ವ್ಯವಸ್ಥೆಯೊಂದು ಮಿದುಳಿನಲ್ಲಿಯೇ ಇದೆಯೇ ಎಂಬ ವಾದವು ಇಪ್ಪತ್ತನೆಯ ಶತಮಾನದ ನಿದ್ರಾಸಂಶೋಧನೆಯ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸಿತು. ಎರಡನೆಯ ಪಕ್ಷಕ್ಕೆ ಆರಂಭದ ಗಟ್ಟಿ ಆಧಾರವನ್ನು ಒದಗಿಸಿದವರು ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಇಕೊನೊಮೊ. ತಾವು 1917ರಲ್ಲಿ ವರ್ಣಿಸಿದ, ಮಿದುಳಿನ ಉರಿಯೂತದಿಂದ ಉಂಟಾಗುವ ರೋಗಕ್ಕೆ ಬಲಿಯಾದವರ ಮಿದುಳುಗಳನ್ನು ಪರೀಕ್ಷಿಸಿದ ಅವರು, ಅತಿನಿದ್ರೆಯಿಂದ ಬಳಲಿದವರಲ್ಲಿ ಹೈಪೊಥಲಾಮಸ್ ಎಂಬ ತಳಭಾಗದ ಅಂಗದ ಹಿಂಬದಿಯೂ, ನಿದ್ರೆಯೇ ಬಾರದವರಲ್ಲಿ ಅದರ ಮುಂಬದಿಯೂ ಹಾನಿಗೊಂಡಿರುವುದನ್ನು ಕಂಡು, ಎಚ್ಚರಕ್ಕೂ ನಿದ್ರೆಗೂ ಬೇರೆ ಬೇರೆ ನೆಲೆಗಳಿವೆಯೆಂದು ಪ್ರತಿಪಾದಿಸಿದರು.

ಈ ವಾದಕ್ಕೆ ತಕ್ಕ ಮನ್ನಣೆ ಕೂಡಲೇ ದೊರೆಯಲಿಲ್ಲ. ಮಿದುಳಿನ ವಿದ್ಯುತ್ ಏರಿಳಿತಗಳನ್ನು ತಲೆಯ ಮೇಲಿಂದಲೇ ದಾಖಲಿಸುವ ಇಇಜಿ ವಿಧಾನವನ್ನು ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಮೇಲೆ, ಬೆಲ್ಜಿಯಂನ ಫ್ರೆಡರಿಕ್ ಬ್ರೆಮರ್ 1935ರಲ್ಲಿ ಬೆಕ್ಕಿನ ಮಿದುಳುಕಾಂಡವನ್ನು ಮೇಲ್ಭಾಗದಲ್ಲಿ ಕತ್ತರಿಸಿದಾಗ ನಿದ್ರೆಯ ಅಲೆಗಳಷ್ಟೇ ಉಳಿಯುವುದನ್ನು ತೋರಿಸಿ, ಸಂವೇದನೆಗಳ ಅಭಾವವೇ ನಿದ್ರೆಯೆಂದು ತೀರ್ಮಾನಿಸಿದರು. ಮಿದುಳುಕಾಂಡದ ರೆಟಿಕ್ಯುಲರ್ ಜಾಲವನ್ನು ಪ್ರಚೋದಿಸಿದರೆ ಪ್ರಾಣಿಯ ಇಇಜಿ ಎಚ್ಚರದ ಸ್ವರೂಪಕ್ಕೆ ತಿರುಗುತ್ತದೆಯೆಂದು ಮೊರುಟ್ಸಿ ಮತ್ತು ಮಗೂನ್ 1949ರಲ್ಲಿ ಸಾಧಿಸಿದ ಮೇಲೆ ಎಚ್ಚರವು ಮಿದುಳಿನ ಸಕ್ರಿಯ ಕಾರ್ಯವೆನಿಸಿತಾದರೂ, ನಿದ್ರೆಯು ಅದರ ಇಲ್ಲದಿರುವಿಕೆಯಾಗಿಯೇ ಉಳಿಯಿತು.

ಈ ನಂಬಿಕೆಯನ್ನು ಅಲುಗಾಡಿಸಿದ್ದು ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ 1953ರಲ್ಲಿ ವರದಿ ಮಾಡಿದ ಆರ್‌ಇಎಂ ನಿದ್ರೆ, ಅಂದರೆ ಮುಚ್ಚಿದ ರೆಪ್ಪೆಗಳ ಅಡಿಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತ. ಸುಮಾರು 90 ನಿಮಿಷಗಳಿಗೊಮ್ಮೆ ಮರುಕಳಿಸುವ ಈ ಹಂತದಲ್ಲಿ ಎಬ್ಬಿಸಿದವರು ಹೆಚ್ಚಾಗಿ ಕನಸುಗಳನ್ನು ಹೇಳಿದ್ದರಿಂದ ಮನಶ್ಶಾಸ್ತ್ರಕ್ಕೆ ಕನಸಿನ ಪ್ರಯೋಗಾತ್ಮಕ ಅಧ್ಯಯನ ಸಾಧ್ಯವಾಯಿತು. ಲಿಯೋನ್‌ನ ಮಿಷೆಲ್ ಜುವೆ, ಮಿದುಳು ಎಚ್ಚರದಲ್ಲಿದ್ದಂತೆ ಚುರುಕಾಗಿರುವಾಗಲೇ ದೇಹದ ಸ್ನಾಯುಗಳು ಸಡಿಲಗೊಳ್ಳುವ ಈ ಸ್ಥಿತಿಯ ಮೂಲವು ಮಿದುಳುಕಾಂಡದ ಪಾನ್ಸ್ ಭಾಗದಲ್ಲಿದೆಯೆಂದು ತೋರಿಸಿದ ಬಳಿಕ, ನಿದ್ರೆಯನ್ನು ಬರೀ ವಿರಾಮವೆಂದು ಕರೆಯುವುದು ಕಷ್ಟವಾಯಿತು.

ನಿದ್ರೆ ಯಾವಾಗ ಬರುತ್ತದೆಂಬ ಪ್ರಶ್ನೆಗೆ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಎರಡು ಪ್ರಕ್ರಿಯೆಗಳ ಮಾದರಿಯನ್ನು ಮುಂದಿಟ್ಟರು. ಎಚ್ಚರವಿದ್ದಷ್ಟು ಹೊತ್ತು ಏರುತ್ತ ಹೋಗುವ ನಿದ್ರೆಯ ಒತ್ತಡ ಒಂದಾದರೆ, ಹೈಪೊಥಲಾಮಸ್‌ನ ಸುಪ್ರಾಕಯಾಸ್ಮಾಟಿಕ್ ನ್ಯೂಕ್ಲಿಯಸ್ ನಡೆಸುವ ದೈನಂದಿನ ಲಯ ಮತ್ತೊಂದು. ನರಕೋಶಗಳ ಚಟುವಟಿಕೆಯೊಡನೆ ಶೇಖರವಾಗುವ ಅಡಿನೊಸಿನ್ ಈ ಒತ್ತಡದ ಒಂದು ಮುಖ್ಯ ರಾಸಾಯನಿಕವಾಗಿದ್ದು, ಕಾಫಿಯ ಕೆಫೀನ್ ಅದರ ಗ್ರಾಹಕಗಳನ್ನು ತಡೆಯುವುದರಿಂದಲೇ ನಿದ್ರೆಯನ್ನು ದೂರವಿಡುತ್ತದೆ.

ಇಕೊನೊಮೊ ಅವರ ಊಹೆಗೆ ನರಕೋಶಗಳ ಮಟ್ಟದ ಸಮರ್ಥನೆ ದೊರೆತದ್ದು 1996ರಲ್ಲಿ. ಆಗ ಕ್ಲಿಫರ್ಡ್ ಸೇಪರ್ ತಂಡವು ಹೈಪೊಥಲಾಮಸ್‌ನ ಮುಂಬದಿಯಲ್ಲಿ, ನಿದ್ರೆಯ ವೇಳೆ ಸಕ್ರಿಯಗೊಂಡು ಎಚ್ಚರದ ಕೇಂದ್ರಗಳನ್ನು ಅಡಗಿಸುವ ಕೋಶಗಳನ್ನು ಗುರುತಿಸಿತು. ಈ ಎರಡು ಗುಂಪುಗಳು ಪರಸ್ಪರ ತಡೆಯುವುದರಿಂದ ಮಿದುಳು ನಡುವೆ ತೂಗಾಡದೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸ್ವಿಚ್‌ನಂತೆ ಹೊರಳುತ್ತದೆ. 1998ರಲ್ಲಿ ಪತ್ತೆಯಾದ ಒರೆಕ್ಸಿನ್ ಎಂಬ ಪೆಪ್ಟೈಡ್ ಎಚ್ಚರದ ಕಡೆಯನ್ನು ಸ್ಥಿರವಾಗಿಡುತ್ತದೆ. ಅದನ್ನು ಸ್ರವಿಸುವ ಕೋಶಗಳು ನಾಶವಾದಾಗ, ಹಗಲಿನಲ್ಲಿಯೇ ತಡೆಯಲಾಗದ ನಿದ್ರೆ ಮುತ್ತುವ ನಾರ್ಕೊಲೆಪ್ಸಿ ಉಂಟಾಗುತ್ತದೆ.

ನಿದ್ರೆಯ ಪ್ರಯೋಜನದ ಬಗ್ಗೆ ಇಂತಹ ಒಮ್ಮತ ಮೂಡಿಲ್ಲ. ಇಲಿಗಳ ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗದಲ್ಲಿ, ಸಂಚಾರದ ವೇಳೆ ಜೊತೆಯಾಗಿ ಮಿಡಿದ ನರಕೋಶಗಳು ಅನಂತರದ ನಿದ್ರೆಯಲ್ಲಿಯೂ ಜೊತೆಯಾಗಿ ಮಿಡಿಯುವುದನ್ನು ವಿಲ್ಸನ್ ಮತ್ತು ಮ್ಯಾಕ್‌ನಾಟನ್ 1994ರಲ್ಲಿ ಕಂಡರು. ಹಗಲಿನ ಕಲಿಕೆಯಿಂದ ಬಲಗೊಂಡ ನರಸಂಧಿಗಳನ್ನು ಗಾಢನಿದ್ರೆಯು ಒಟ್ಟಾರೆ ತಗ್ಗಿಸುತ್ತದೆಯೆಂದು ಟೊನೋನಿ ಮತ್ತು ಚಿರೆಲ್ಲಿ 2003ರಲ್ಲಿ ವಾದಿಸಿದರು. ನಿದ್ರೆಯಲ್ಲಿ ಮಿದುಳಿನ ತ್ಯಾಜ್ಯಗಳು ವೇಗವಾಗಿ ತೊಳೆದುಹೋಗುತ್ತವೆಯೆಂದು 2013ರ ಅಧ್ಯಯನವೊಂದು ಹೇಳಿದರೆ, 2024ರ ಇನ್ನೊಂದು ಅಧ್ಯಯನವು ಇಲಿಗಳಲ್ಲಿ ಅದಕ್ಕೆ ವಿರುದ್ಧವಾದ ಫಲಿತಾಂಶ ನೀಡಿತು. ಹೀಗೆ, ನಿದ್ರೆಯನ್ನು ತರುವ ನರಕೋಶಗಳನ್ನು ಹೆಸರಿಸಬಲ್ಲ ಶಾಸ್ತ್ರಕ್ಕೆ, ಅದಿಲ್ಲದೆ ಮಿದುಳು ಏಕೆ ಕೆಡುತ್ತದೆಂಬುದನ್ನು ಒಂದೇ ಸಿದ್ಧಾಂತದಲ್ಲಿ ವಿವರಿಸುವ ಕೆಲಸ ಬಾಕಿಯಿದೆ.